ಚೈನ್ ಸಾಗೆ ಹೊಸ ಚೈನು: ಇಂಚಿನ ಲೆಕ್ಕವೊಂದೇ ಸಾಲದು

ಗೋವಾದಲ್ಲಿ ನೆಲೆಸಿರುವ ಕನ್ನಡ ಬಂಧುಗಳೆಲ್ಲರಿಗೂ ನಮಸ್ಕಾರ.

ಮಳೆಗಾಲ ಹತ್ತಿರವಾದಂತೆ ಫೋಂಡಾದ ನನ್ನ ರಿಪೇರಿ ಅಂಗಡಿಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: “ಅಣ್ಣಾರ, ಹದಿನೆಂಟ್ ಇಂಚಿನ ಚೈನ್ ಐತೇನ್ರಿ?” ಕೇಳುವವರು ಸಾಂಗೆಯ ಗೇರು ತೋಟ ನೋಡಿಕೊಳ್ಳುವ ಗದಗಿನವರಿರಬಹುದು, ವಾಸ್ಕೋದಲ್ಲಿ ಮರ ಕಡಿಯುವ ಗುತ್ತಿಗೆ ಹಿಡಿದ ಹಾವೇರಿಯವರಿರಬಹುದು. ಈ ಪ್ರಶ್ನೆಗೆ ನಾನು ಹೌದೆಂದೂ ಹೇಳಲಾರೆ, ಇಲ್ಲವೆಂದೂ ಹೇಳಲಾರೆ. ಏಕೆಂದರೆ ಆ ಇಂಚು ಎಂಬುದು ಬಾರಿನ, ಅಂದರೆ ಮರ ಕೊಯ್ಯುವ ಈ ಯಂತ್ರದಲ್ಲಿ ಚೈನು ಸುತ್ತಿ ಓಡುವ ಉದ್ದನೆಯ ಪಟ್ಟಿಯ ಅಳತೆಯೇ ಹೊರತು ಚೈನಿನ ಅಳತೆಯಲ್ಲ. ಚೈನನ್ನು ಗೊತ್ತುಮಾಡುವ ಸಂಖ್ಯೆಗಳು ಮೂರು: ಪಿಚ್ (ರಿವೆಟ್ಟುಗಳ ನಡುವಿನ ಅಂತರ), ಗೇಜ್ (ದಪ್ಪ) ಮತ್ತು ಬಾರಿನ ಸೀಳಿನೊಳಗೆ ಇಳಿದು ಓಡುವ ಡ್ರೈವ್ ಲಿಂಕುಗಳ ಎಣಿಕೆ. ಈ ಮೂರೂ ಕೂಡಿಬಂದ ಮೇಲಷ್ಟೇ ಹಲ್ಲು ಯಾವ ಬಗೆಯದು, ಯಾವ ಕಂಪನಿಯದು ಎಂಬ ಚರ್ಚೆಗೆ ಅರ್ಥವಿದೆ.

ಹದಿನೆಂಟು ಇಂಚಿನ ಮಾತನ್ನೇ ತೆಗೆದುಕೊಳ್ಳೋಣ. ಯಂತ್ರದ ಮೈಯಿಂದ ಹೊರಗೆ ಚಾಚಿಕೊಂಡ ಬಾರಿನ ಉದ್ದ ಅದು. ಕವರಿನೊಳಗೆ ಎಷ್ಟು ಅಡಗಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಹೀಗಾಗಿ ಲೋ ಪ್ರೊಫೈಲ್, ಅಂದರೆ ಎತ್ತರ ಕಡಿಮೆಯಿರುವ ಚೈನ್ ಓಡುವ ಸಣ್ಣ ಯಂತ್ರದಲ್ಲಿ ಹದಿನೆಂಟು ಇಂಚಿಗೆ ಸಾಮಾನ್ಯವಾಗಿ 62 ಡ್ರೈವ್ ಲಿಂಕುಗಳು ಬೇಕಾಗುತ್ತವೆ. ಅದೇ 0.325 ಪಿಚ್ಚಿನಲ್ಲಾದರೆ ಒಂದು ಯಂತ್ರಕ್ಕೆ 68, ಮತ್ತೊಂದಕ್ಕೆ 72, ಮಗದೊಂದಕ್ಕೆ 74. ಅಂಗಡಿಯವನು ಕಣ್ಣಳತೆಯಲ್ಲಿ ಕೊಟ್ಟ ಚೈನು ಒಂದು ಲಿಂಕ್ ಕಡಿಮೆಯಾದರೆ ಬಾರಿಗೆ ಏರದೆಯೇ ಹೋಗಬಹುದು; ಒಂದು ಲಿಂಕ್ ಹೆಚ್ಚಾದರೆ ಬಿಗಿಮಾಡುವ ಸ್ಕ್ರೂ ಬೇಗನೆ ಕೊನೆ ಮುಟ್ಟಿ, ಚೈನು ಸ್ವಲ್ಪ ಹಿಗ್ಗಿದೊಡನೆ ಜೋತುಬೀಳಬಹುದು.

ಈಗ ಪಿಚ್. ಚೈನಿನಲ್ಲಿ ಸಾಲಾಗಿ ಬರುವ ಮೂರು ರಿವೆಟ್ಟುಗಳನ್ನು ಹಿಡಿದು, ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯದವರೆಗೆ ಅಳೆದು, ಬಂದದ್ದನ್ನು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಎರಡೇ ರಿವೆಟ್ಟುಗಳ ನಡುವೆ ಅಳೆದರೆ ಏಕೆ ಆಗದು ಎಂದು ಕೇಳುವವರಿದ್ದಾರೆ. ಡ್ರೈವ್ ಲಿಂಕಿನ ಮೇಲಿನ ರಿವೆಟ್ಟುಗಳ ಅಂತರವೂ ಪಕ್ಕದ ಪಟ್ಟಿಯ ಮೇಲಿನ ಅಂತರವೂ ಒಂದೇ ಇರಬೇಕೆಂದಿಲ್ಲ. ಅದಕ್ಕಾಗಿಯೇ ಎರಡನ್ನೂ ಸೇರಿಸಿ ಸರಾಸರಿ ತೆಗೆಯುವುದು. ನಮ್ಮಲ್ಲಿ ಕಾಣಸಿಗುವ ಪಿಚ್ಚುಗಳು ಕಾಲು ಇಂಚು, 0.325 ಇಂಚು, ಮೂರು ಸೂತ್ ಅಂದರೆ 3/8 ಇಂಚು, ಮತ್ತು ದೊಡ್ಡ ಯಂತ್ರಗಳ 0.404 ಇಂಚು. 0.325ಕ್ಕೂ 3/8ಕ್ಕೂ ಇರುವ ಅಂತರ ಒಂದೂಕಾಲು ಮಿಲಿಮೀಟರ್ ಮಾತ್ರ. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ಎನಿಸಿಬಿಡುತ್ತವೆ. ಆದರೆ ಚೈನನ್ನು ಎಳೆದು ಓಡಿಸುವ ಹಲ್ಲುಗಾಲಿಯ, ಅಂದರೆ ಸ್ಪ್ರಾಕೆಟ್ಟಿನ ಹಲ್ಲಿಗೆ ಕೂಡಿಸಿದಾಗ ಎರಡು ಮೂರು ಲಿಂಕ್ ದಾಟುವಷ್ಟರಲ್ಲೇ ಚೈನು ಹಲ್ಲಿನ ಮೇಲೆ ಹತ್ತಿ ಕೂರುತ್ತದೆ. ಪಿಚ್ ಎಂಬುದು ಚೈನಿನ ಸ್ವಂತ ವಿಷಯವಲ್ಲ ಎಂಬುದನ್ನು ಗಮನಿಸಬೇಕು. ಕ್ಲಚ್ಚಿನ ಬಳಿಯ ಸ್ಪ್ರಾಕೆಟ್, ಬಾರಿನ ಮೂತಿಯಲ್ಲಿ ತಿರುಗುವ ಪುಟ್ಟ ಸ್ಪ್ರಾಕೆಟ್ ಮತ್ತು ಚೈನು, ಈ ಮೂರರದ್ದೂ ಒಂದೇ ಪಿಚ್ ಆಗಿರಬೇಕು.

ಇಲ್ಲೊಂದು ಬಲೆಯಿದೆ. 3/8 ಎಂಬ ಹೆಸರಿನಲ್ಲಿ ಎರಡು ಜಾತಿಯ ಚೈನುಗಳು ಮಾರಾಟವಾಗುತ್ತವೆ. ಒಂದು ದೊಡ್ಡ ಯಂತ್ರಗಳಿಗಾಗಿ ಮಾಡಿದ ಪೂರ್ಣ ಗಾತ್ರದ್ದು, ಇನ್ನೊಂದು ಚಿಕ್ಕ ಯಂತ್ರಗಳ ಲೋ ಪ್ರೊಫೈಲ್. ಹೆಸರು ಒಂದೇ ಆದರೂ ಹಲ್ಲಿನ ಎತ್ತರ, ಲಿಂಕಿನ ಆಕಾರ, ಕೂರುವ ಸ್ಪ್ರಾಕೆಟ್ ಎಲ್ಲವೂ ಬೇರೆ. ಡಬ್ಬಿಯ ಮೇಲೆ ಲೋ ಪ್ರೊಫೈಲನ್ನು ಸೂಚಿಸುವ ಎಲ್‌ಪಿ ಅಥವಾ ಪಿ ಎಂಬ ಅಕ್ಷರ ಇದೆಯೋ ಇಲ್ಲವೋ ಎಂದು ನೋಡಿಯೇ ದುಡ್ಡು ಕೊಡಿ.

ಗೇಜ್ ಎಂದರೆ ಡ್ರೈವ್ ಲಿಂಕಿನ ದಪ್ಪ, ಅಂದರೆ ಬಾರಿನ ಸೀಳಿನೊಳಗೆ ಇಳಿದು ಓಡುವ ಭಾಗದ ದಪ್ಪ. ಇದು 0.043, 0.050, 0.058 ಅಥವಾ 0.063 ಇಂಚು, ಮಿಲಿಮೀಟರಿನಲ್ಲಿ 1.1, 1.3, 1.5, 1.6. ದಪ್ಪ ಚೈನು ಕಿರಿದಾದ ಸೀಳಿಗೆ ಇಳಿಯದಿದ್ದರೆ ತಪ್ಪು ಅಲ್ಲಿಯೇ ಗೊತ್ತಾಗುತ್ತದೆ. ಅಪಾಯ ಇರುವುದು ತಿರುವುಮುರುವಾದಾಗ: 1.5ರ ಸೀಳಿಗೆ 1.3ರ ಚೈನು ಸಲೀಸಾಗಿ ಕೂರುತ್ತದೆ, ಓಡುತ್ತದೆ, ಕೊಯ್ಯುತ್ತದೆ ಕೂಡ. ಆದರೆ ಸೀಳಿನಲ್ಲಿ ಅತ್ತಿತ್ತ ವಾಲಾಡುವ ಚೈನು ದಪ್ಪ ದಿಮ್ಮಿಯಲ್ಲಿ ಕೊಯ್ತವನ್ನು ಓರೆಗೆ ಎಳೆಯುತ್ತದೆ, ಬಾರಿನ ಅಂಚುಗಳನ್ನು ತಿನ್ನುತ್ತದೆ, ಭಾರ ಬಿದ್ದಾಗ ಕಳಚಿಕೊಳ್ಳಲೂಬಹುದು. “ಕುಂತೈತಲ್ರಿ, ಇನ್ನೇನ್ರಿ” ಎನ್ನುವವರಿಗೆ ನಾನು ಹೇಳುವುದಿಷ್ಟೆ: ಕೂತದ್ದೆಲ್ಲ ಸರಿಯಾದದ್ದಲ್ಲ. ಸೀಳೇ ಸವೆದು ಅಗಲವಾಗಿದ್ದರೆ ದಪ್ಪ ಚೈನು ಹಾಕಿ ಸರಿದೂಗಿಸುವುದು ಪರಿಹಾರವಲ್ಲ, ಬಾರನ್ನೇ ಬದಲಿಸಬೇಕು.

ಈ ಸಂಖ್ಯೆಗಳೆಲ್ಲ ಎಲ್ಲಿ ಸಿಗುತ್ತವೆ? ಹೆಚ್ಚಿನ ಬಾರುಗಳ ಬಾಲದಲ್ಲೇ, ಕವರಿನೊಳಗೆ ಅಡಗುವ ಜಾಗದಲ್ಲಿ, ಮೂರನ್ನೂ ಅಚ್ಚೊತ್ತಿರುತ್ತಾರೆ. ಕವರ್ ಬಿಚ್ಚಿದಾಗ ಅಲ್ಲಿ ಕಾಣುವುದು ಎಣ್ಣೆಯಲ್ಲಿ ನೆನೆದು ಕರಿ ಮುದ್ದೆಯಾದ ಮರದ ಹೊಟ್ಟು ಮಾತ್ರ. ಅದನ್ನು ಕೆರೆದು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಬಾರನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಅಚ್ಚು ಸವೆದಿದ್ದರೆ ಹಳೆಯ ಚೈನೇ ಸಾಕ್ಷಿ. ಓರೆಗಾನ್ ಕಂಪನಿಯ ಚೈನುಗಳ ಡ್ರೈವ್ ಲಿಂಕಿನ ಮೇಲೆ 72, 73, 75 ಎಂಬ ಅಂಕಿಗಳಿದ್ದರೆ ಅವು ಪೂರ್ಣ 3/8ರ 0.050, 0.058, 0.063 ಗೇಜುಗಳನ್ನು ಸೂಚಿಸುತ್ತವೆ; 20, 21, 22 ಇದ್ದರೆ ಅದೇ ಕ್ರಮದಲ್ಲಿ 0.325ರ ಗೇಜುಗಳು, 91 ಎಂದರೆ ಲೋ ಪ್ರೊಫೈಲ್, 0.050. ಸ್ಟಿಲ್ ಕಂಪನಿಯ ಚೈನಿನ ಡ್ರೈವ್ ಲಿಂಕಿನ ಮೇಲೆ ಒಂಟಿ ಅಂಕಿ ಇರುತ್ತದೆ: 3 ಎಂದರೆ 1.3 ಮಿಲಿಮೀಟರ್, 6 ಎಂದರೆ 1.6. ಲಿಂಕ್ ಎಣಿಸುವಾಗ ಮೊದಲನೆಯದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕೆಳಕ್ಕೆ ಚಾಚಿದ ಲಿಂಕುಗಳನ್ನು ಮಾತ್ರ ಎಣಿಸಿ. ಹಲ್ಲುಗಳನ್ನು ಎಣಿಸಿ ಫೋನ್ ಮಾಡುವವರು ಕಡಿಮೆಯೇನಿಲ್ಲ.

ಮೂರೂ ಸಂಖ್ಯೆಗಳು ಹೊಂದಿದರೆ ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದು ಕಂಪನಿಯ ಚೈನನ್ನು ಹಾಕಲು ಅಡ್ಡಿಯಿಲ್ಲ. ಆ ಭಯವನ್ನು ಬಿಡಿ.

ಇನ್ನು ಹಲ್ಲಿನ ವಿಷಯ. ನನ್ನ ಮಟ್ಟಿಗೆ ಇದೇ ಹೆಚ್ಚು ಸ್ವಾರಸ್ಯದ ಭಾಗ. ಇಂದಿನ ಚೈನಿನ ಹಲ್ಲಿನ ಮೂಲ ಒಂದು ಹುಳುವಿನಲ್ಲಿದೆ. 1946ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಎಡಬಲಕ್ಕೆ ದವಡೆಯಾಡಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಿಂದ ಮರ ಕೊರೆಯುವುದನ್ನು ನೋಡಿದ. ಅದುವರೆಗಿನ ಚೈನುಗಳ ಹಲ್ಲುಗಳು ಕೈಗರಗಸದ ಹಲ್ಲಿನಂತೆ ಮರವನ್ನು ಗೀರುತ್ತಿದ್ದವು. ಕಾಕ್ಸ್ ಆ ಹುಳುವಿನ ದವಡೆಯನ್ನು ಅನುಸರಿಸಿ ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲು ಮಾಡಿ, 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಉದ್ಯಮ ಆರಂಭಿಸಿದ. ಎಡ ಬಲ ಹಲ್ಲುಗಳ ಆ ಜೋಡಣೆ ಇಂದಿಗೂ ಹಾಗೆಯೇ ಇದೆ.

ಇಂದು ಸಿಗುವ ಹಲ್ಲುಗಳಲ್ಲಿ ಮುಖ್ಯವಾದವು ಎರಡು. ಮೂಲೆ ಚೂಪಾಗಿ, ಲಂಬಕೋನದಂತಿರುವುದು ಫುಲ್ ಚಿಸೆಲ್. ಮೂಲೆಯನ್ನು ತುಸು ದುಂಡಾಗಿಸಿದ್ದು ಸೆಮಿ ಚಿಸೆಲ್. ಸ್ವಚ್ಛವಾದ, ಮೆದುವಾದ ಮರದಲ್ಲಿ ಫುಲ್ ಚಿಸೆಲ್ಲಿನ ವೇಗವನ್ನು ಸರಿಗಟ್ಟುವುದು ಕಷ್ಟ. ಆದರೆ ಅದರ ಶಕ್ತಿಯೆಲ್ಲ ಆ ಚೂಪು ಮೂಲೆಯಲ್ಲಿದೆ. ಮಣ್ಣು ತಾಗಿ ಮೂಲೆ ಹೋಯಿತೆಂದರೆ ಕೊಯ್ತವೂ ಹೋಯಿತು. ಗೋವಾದಲ್ಲಿ ನಾವು ಕೊಯ್ಯುವುದಾದರೂ ಏನನ್ನು? ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಎಳೆದು ತಂದ ಗೇರು, ಅಕೇಸಿಯಾ, ಹಲಸಿನ ದಿಮ್ಮಿಗಳನ್ನು. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದಲ್ಲಿ ಬುಡಸಮೇತ ಉರುಳಿದ ಮರಗಳನ್ನು ನೆನೆಯಿರಿ: ಬೇರಿನ ಹತ್ತಿರ ಕೊಯ್ಯಬೇಕಾದಾಗ ತೊಗಟೆಯ ಸಂದುಸಂದಿನಲ್ಲೂ ಕಲ್ಲುಮಣ್ಣು ಮೆತ್ತಿಕೊಂಡಿರುತ್ತದೆ. ಇನ್ನು ತೆಂಗು. ಹಳೆಯ ತೆಂಗಿನ ಕಾಂಡದ ಹೊರವಲಯ ಬಲು ಗಡಸು, ನಡುಭಾಗ ಮೆದು, ಒಳಗೆಲ್ಲ ನಾರು. ಹಲ್ಲಿನ ಮೊನೆಯನ್ನು ಅದು ಬೇಗ ತಿನ್ನುತ್ತದೆ, ಸ್ಪ್ರಾಕೆಟ್ಟಿನ ಸುತ್ತ ನಾರನ್ನು ಸುತ್ತಿಸುತ್ತದೆ. ಇಂಥ ಕೆಲಸಕ್ಕೆ ಸೆಮಿ ಚಿಸೆಲ್ಲೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ಚೈನು ಹಾಕಿದ ಮೊದಲ ಗಂಟೆಯಲ್ಲಿ ಅದು ತುಸು ನಿಧಾನವೆನಿಸಬಹುದು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಿರುಗಿರುತ್ತದೆ, ಏಕೆಂದರೆ ಅಷ್ಟರಲ್ಲಿ ಫುಲ್ ಚಿಸೆಲ್ ಹಾಕಿದವನು ಅರ ಹಿಡಿದು ಕುಳಿತಿರುತ್ತಾನೆ. ಒಣಗಿದ ಶುಭ್ರ ದಿಮ್ಮಿಗಳನ್ನಷ್ಟೇ ಕೊಯ್ಯುವ ಮರದ ಅಡ್ಡೆಯವರ ಮಾತು ಬೇರೆ. ಕಾರ್ಬೈಡ್ ಹಲ್ಲಿನ ಚೈನುಗಳೂ ಇವೆ. ಬೆಲೆಯೂ ಹೆಚ್ಚು, ಮಾಮೂಲಿ ಅರದಿಂದ ಮಸೆಯಲೂ ಬರುವುದಿಲ್ಲ, ಆದ್ದರಿಂದ ತೋಟದ ಕೆಲಸಕ್ಕೆ ನಾನು ಸೂಚಿಸುವುದಿಲ್ಲ. ಹಲ್ಲುಗಳನ್ನು ದೂರದೂರ ಜೋಡಿಸಿದ ಸ್ಕಿಪ್ ಚೈನುಗಳು ಬಹಳ ಉದ್ದದ ಬಾರುಗಳಿಗಾಗಿ ಇರುವಂಥವು.

ಹೊಸಬರ ಕೈಗೆ ಯಂತ್ರ ಕೊಡುವ ಮಾಲೀಕರಿಗೆ ಒಂದು ಮಾತು. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಎಗರುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಹಲ್ಲಿನ ಮುಂದೆ ಉಬ್ಬಿದ ಕಾವಲು ಲಿಂಕುಗಳಿರುವ ಲೋ ಕಿಕ್‌ಬ್ಯಾಕ್ ಚೈನುಗಳು ಈ ಎಗರುವಿಕೆಯನ್ನು ತಗ್ಗಿಸುತ್ತವೆ, ಪೂರ್ತಿ ನಿಲ್ಲಿಸುವುದಿಲ್ಲ. ಮೂತಿಯಿಂದ ಚುಚ್ಚಿ ಕೊಯ್ಯುವಾಗ ಅವು ಸ್ವಲ್ಪ ತಡೆಯುತ್ತವೆ ಎಂದು ಅನುಭವಿಗಳು ಗೊಣಗುತ್ತಾರೆ, ಗೊಣಗಲಿ. ಹಲ್ಲಿನ ಮುಂದಿನ ಡೆಪ್ತ್ ಗೇಜನ್ನು, ಅಂದರೆ ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತಡೆಹಿಡಿಯುವ ಉಬ್ಬನ್ನು, ಬೇಗ ಕೊಯ್ಯುತ್ತದೆಂದು, ಅಳತೆಯಿಲ್ಲದೆ ಅರೆದು ತಗ್ಗಿಸುವ ಚಾಳಿ ನಮ್ಮ ಹುಡುಗರಲ್ಲಿದೆ. ಹಲ್ಲಿಗಿಂತ ಅದು ಸಾಮಾನ್ಯವಾಗಿ 0.025 ಇಂಚು, ಅಂದರೆ ಸುಮಾರು 0.65 ಮಿಲಿಮೀಟರಿನಷ್ಟೇ ತಗ್ಗಿರಬೇಕು. ಅದಕ್ಕಿಂತ ಇಳಿಸಿದರೆ ಹಲ್ಲು ಮರವನ್ನು ಕಚ್ಚಿ ಎಳೆಯುತ್ತದೆ, ಎಗರುವ ಅಪಾಯವೂ ಹೆಚ್ಚುತ್ತದೆ.

ಚೈನಿನ ಜೊತೆಗೆ ಅರವನ್ನೂ ಕೊಳ್ಳಿ. ಲೋ ಪ್ರೊಫೈಲಿಗೆ 4 ಮಿಲಿಮೀಟರ್, 0.325ಕ್ಕೆ 4.8, ಪೂರ್ಣ 3/8ಕ್ಕೆ ಸಾಮಾನ್ಯವಾಗಿ 5.2 ಮಿಲಿಮೀಟರಿನ ದುಂಡು ಅರ. ರೋಲಿನಿಂದ ಕತ್ತರಿಸಿ ಕೊಟ್ಟ ಚೈನಾದರೆ ಜೋಡಿಸಿದ ರಿವೆಟ್ಟನ್ನು ಬೆರಳಲ್ಲಿ ಮಡಚಿ ನೋಡಿ. ಅಕ್ಕಪಕ್ಕದ ಲಿಂಕುಗಳಷ್ಟೇ ಸಲೀಸಾಗಿ ಅದೂ ಮಡಚಬೇಕು. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ ರಿವೆಟ್ ಕಂಡರೆ ಮರಳಿಸಿಬಿಡಿ, ಓಡುವ ಚೈನು ಹರಿದರೆ ಅದರ ತುಂಡು ಯಾವ ದಿಕ್ಕಿಗೆ ಹಾರುತ್ತದೆಂದು ಹೇಳಲಾಗದು.

ಸ್ಪ್ರಾಕೆಟ್ಟನ್ನು ಮರೆಯುವವರೇ ಹೆಚ್ಚು. ಹಳೆಯ ಚೈನು ಅದರ ಹಲ್ಲಿನಲ್ಲಿ ತನ್ನದೇ ಗುಂಡಿ ತೋಡಿರುತ್ತದೆ. ಆ ಗುಂಡಿಗೆ ಹೊಸ ಚೈನನ್ನು ಕೂರಿಸಿದರೆ ಅದೂ ಬೇಗ ಹಿಗ್ಗಿ ಹಾಳಾಗುತ್ತದೆ. ಸವೆತ ಅರ್ಧ ಮಿಲಿಮೀಟರ್ ಮುಟ್ಟಿದರೆ ಬದಲಿಸಿ. ಎರಡು ಚೈನಿಗೆ ಒಂದು ಸ್ಪ್ರಾಕೆಟ್ ಎಂಬುದು ಒಳ್ಳೆಯ ಲೆಕ್ಕ. ಒಟ್ಟಿಗೆ ಎರಡು ಚೈನು ಕೊಂಡು ಸರದಿಯಲ್ಲಿ ಓಡಿಸಿದರೆ ಮೂರೂ ಒಟ್ಟಿಗೇ ಸವೆಯುತ್ತವೆ. ಹೊಸ ಚೈನನ್ನು ಹಾಕಿದ ಮೊದಲ ದಿನ ಆಗಾಗ ಯಂತ್ರ ನಿಲ್ಲಿಸಿ, ಚೈನು ತಣ್ಣಗಾದ ಮೇಲೆ ಬಿಗಿ ನೋಡಿ. ಕಾದಾಗ ಬಿಗಿಮಾಡಿದ್ದರೆ ಸಂಜೆ ಮನೆಗೆ ಹೊರಡುವ ಮುನ್ನ ಸಡಿಲಿಸಲೇಬೇಕು, ಇಲ್ಲವಾದರೆ ತಣ್ಣಗಾಗಿ ಕುಗ್ಗುವ ಚೈನು ಶಾಫ್ಟನ್ನೂ ಬೇರಿಂಗನ್ನೂ ಎಳೆದು ಕೆಡಿಸುತ್ತದೆ.

ಮೇಜಿನ ಮೇಲೆ ವರ್ನಿಯರ್ ಇದೆ, ಮೂರು ಬಗೆಯ ಚೈನಿನ ತುಂಡುಗಳಿವೆ. ಅಳೆದು ನೋಡಬೇಕೆನ್ನುವವರು ಮುಂದೆ ಬನ್ನಿ; ಪ್ರಶ್ನೆಗಳನ್ನು ಅಲ್ಲಿಯೇ ಕೇಳಬಹುದು.