ಪಾಳು ಅಂತೀರಲ್ಲ, ಅದೇ ಓತಿಕ್ಯಾತನ ಮನೆ

ಕೇಳುಗರಿಗೆಲ್ಲ ನಮಸ್ಕಾರ. ಹೊಲದ ಬದುವಿನ ಮೇಲೆ, ಕುರಿ ಮೇಯುವ ಬಯಲಲ್ಲಿ ಸರ್ರಂತ ಓಡಿ ಗಕ್ಕನೆ ನಿಲ್ಲುವ ಸಣ್ಣ ಓತಿಕ್ಯಾತವನ್ನು ನೀವೆಲ್ಲ ನೋಡಿದ್ದೀರಿ. ಬಾಲ ಬಿಟ್ಟರೆ ಬೆರಳುದ್ದ, ಮೈಯೆಲ್ಲ ಮಣ್ಣಿನ ಬಣ್ಣ. ಬೇಲಿ ಮೇಲೆ ಕೂತು ತಲೆ ಆಡಿಸುವ ದೊಡ್ಡದು ಬೇರೆ, ಇದು ಬೇರೆ. ಇದು ನೆಲದ ಜೀವಿ. ನಾಲ್ಕು ಕಲ್ಲು, ಕುರುಚಲು ಗಿಡ, ನಡುನಡುವೆ ಬರಿ ನೆಲ, ಇಷ್ಟಿದ್ದರೆ ಸಾಕು. ಬಯಲು ಅಂದರೆ ಪಾಳಲ್ಲ. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ ಮಾತು.

ಒಂದು ಬೇಸಿಗೆ ಕುಷ್ಟಗಿ ಕಡೆ ಊರ ಹಿರಿಯರೊಬ್ಬರು ಸಸಿ ನೆಡೋಕೆ ಗೋಮಾಳ ತೋರಿಸ್ತಿದ್ದರು. "ಪಾಳು ಬಿದ್ದೈತ್ರಿ ಸರ, ಏನೂ ಇಲ್ಲ." ಅಷ್ಟರಲ್ಲಿ ಹತ್ತು ಹೆಜ್ಜೆ ಆಚೆ ಕಲ್ಲಿನ ಮೇಲೆ ಗಂಡೊಂದು ಏರಿತು. ಮುಂಗಾಲು ನೆಟ್ಟಗೆ ಮಾಡಿ, ಎದೆ ಎತ್ತಿ, ಗಂಟಲ ಕೆಳಗಿನ ತೊಗಲನ್ನು ಬಿಚ್ಚಿತು, ಮಡಚಿತು, ಮತ್ತೆ ಬಿಚ್ಚಿತು. ಬೆಳ್ಳನೆ ತೊಗಲು, ನಡುವೆ ನೀಲಿ ಗೀರು. ಕುರಿ ಕಾಯುತ್ತಿದ್ದ ಅಜ್ಜ ನಕ್ಕು, "ಜಾತ್ರಿಗೆ ಹೊಂಟ ಹುಡುಗ ರುಮಾಲು ಜಾಡಿಸಿದಂಗ ಆತು ನೋಡ್ರಿ" ಅಂದ. ಇನ್ನೊಂದು ಗಂಡು ಬಂತು. ಶುರುವಾಯ್ತು ಜಟಾಪಟಿ! ಸೋತದ್ದು ಹಿಂಗಾಲ ಮೇಲೆ ಎದ್ದು ಓಟ ಕಿತ್ತಿತು. ಹೌದು ಸ್ವಾಮಿ, ಎರಡೇ ಕಾಲಲ್ಲಿ. ಆ ಹಿಂಗಾಲಿಗೆ ಬೆರಳು ನಾಲ್ಕೇ; ಬೇಲಿ ಮೇಲಿನ ಓತಿಗಾದರೆ ಐದು. ಇಷ್ಟೆಲ್ಲ ಯಾರಿಗಾಗಿ ಅಂತ ಹುಡುಕಿದರೆ, ಹೆಣ್ಣು ಒಣಹುಲ್ಲಿನ ಬುಡದಲ್ಲಿ ಇರುವೆ ಹೆಕ್ಕುತ್ತಿತ್ತು, ಇತ್ತ ತಿರುಗಿಯೂ ನೋಡದೆ. ಹಿರಿಯರು ಸಸಿ ಮಾತು ಮರೆತು ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟರು. ಏನೂ ಇಲ್ಲ ಅಂದ ಜಾಗದಲ್ಲಿ!

ಸಮಯ ಓಡ್ತಿದೆ, ಉಳಿದದ್ದು ಬೇಗ ಹೇಳ್ತೀನಿ. ಪುದುಚೇರಿಯಲ್ಲಿ ಸಿಕ್ಕ ಇದೇ ಬಗೆಯ ಓತಿಗೆ 1829ರಲ್ಲೇ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೆ 'ಸಿಟಾನಾ' ಅಂತ ಹೆಸರಿಟ್ಟ. ಗಂಟಲಲ್ಲಿ ನೀಲಿ, ಕಪ್ಪು, ಕಿತ್ತಳೆ ಮೂರೂ ಬಣ್ಣ ಇರುವ ದಾಯಾದಿಗಳನ್ನು 2016ರಲ್ಲಿ ನಮ್ಮ ವಿಜ್ಞಾನಿಗಳು ಬೇರೆ ಮಾಡಿ 'ಸರಡ' ಅಂದರು. ತಿನ್ನೋದು ಇರುವೆ, ಗೆದ್ದಲು, ಮಿಡತೆ. ವಿಷ ಇಲ್ಲ, ಇಲ್ಲವೇ ಇಲ್ಲ. ಎಷ್ಟು ಸಲ ಹೇಳಿದರೂ ಮಕ್ಕಳು ಕಲ್ಲು ಬೀರೋದು ಬಿಡಲ್ಲ, ದೊಡ್ಡವರಾದರೂ ಗದರಿಸಿ.

ಸಸಿ ನೆಡಬೇಡಿ ಅಂತ ನಾನು ಹೇಳ್ತಿಲ್ಲ. ಶಾಲೆ ಅಂಗಳದಲ್ಲಿ ನೆಡಿ, ರಸ್ತೆ ಬದಿಗೆ ನೆಡಿ. ಬಯಲು ಪಾಳಲ್ಲ, ಅದನ್ನು ಬಿಟ್ಟುಬಿಡಿ. ನೀವು ಗುಂಡಿ ತೋಡೋದು ಮುಂಗಾರಿಗೆ. ಈ ಓತಿಯ ಮೊಟ್ಟೆ ಆ ಮಣ್ಣಿನೊಳಗೆ ಇರೋದೂ ಮಳೆಗಾಲದಲ್ಲೇ.