ಕೇಳಲು ತಿಳಿಯದವರ ವಕೀಲರು

ಮಾನ್ಯ ಅಧ್ಯಕ್ಷರೇ, ವಕೀಲರ ಸಂಘದ ಮಿತ್ರರೇ, ಅರೆಕಾಲಿಕ ಕಾನೂನು ಸ್ವಯಂಸೇವಕರೇ ಮತ್ತು ಕಾನೂನು ವಿದ್ಯಾರ್ಥಿಗಳೇ,

ಪ್ರತಿವರ್ಷ ನವೆಂಬರ್ 9ರಂದು ನಾವು ಕಾನೂನು ಸೇವಾ ದಿನವನ್ನು ಆಚರಿಸುತ್ತೇವೆ. ಸಂಸತ್ತು 1987ರಲ್ಲಿ ಅಂಗೀಕರಿಸಿದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಎಂಟು ವರ್ಷ ಕಾದು 1995ರ ಈ ದಿನದಂದು ಜಾರಿಗೆ ಬಂದಿತು. ಬಡವರ ಪರವಾದ ಕಾಯಿದೆಗೂ ಇಷ್ಟು ದೀರ್ಘವಾದ ವಾಯಿದೆ ಸಿಕ್ಕಿತಲ್ಲ ಎಂದು ನಮ್ಮ ಹಿರಿಯ ವಕೀಲರೊಬ್ಬರು ನಗುತ್ತಿದ್ದರು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ, ಉಚಿತ ಕಾನೂನು ನೆರವು ಒದಗಿಸಬೇಕೆನ್ನುವ 39ಎ ವಿಧಿ ಸಂವಿಧಾನಕ್ಕೆ ಸೇರಿದ್ದು, ಅದಕ್ಕೂ ಮೊದಲು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಸಮಿತಿ 1973ರಲ್ಲಿ ವರದಿ ಕೊಟ್ಟದ್ದು, ಇವೆಲ್ಲ ಈ ಸಭೆಗೆ ತಿಳಿದ ಸಂಗತಿಗಳು. ಅವುಗಳಲ್ಲಿ ಸಮಯ ಕಳೆಯಲಾರೆ. ನಾನು ಹೇಳಬಯಸುವುದು ಒಂದೇ ಮಾತು. ಉಚಿತ ಕಾನೂನು ನೆರವಿನಲ್ಲಿ ಅರ್ಧದಷ್ಟು ಕೆಲಸ ನ್ಯಾಯಾಲಯದ ಹೊರಗೆ ನಡೆಯುವ ತಿಳಿಸುವ ಕೆಲಸ, ಮತ್ತು ನಾವು ಹೆಚ್ಚಾಗಿ ಸೋಲುತ್ತಿರುವುದು ಆ ಅರ್ಧದಲ್ಲಿಯೇ.

ಈ ಮಾತಿಗೆ ಆಧಾರವನ್ನು ಸರ್ವೋಚ್ಚ ನ್ಯಾಯಾಲಯವೇ ಒದಗಿಸಿದೆ. ವಿಚಾರಣಾಧೀನ ಕೈದಿಗಳ ಬಗೆಗಿನ 1979ರ ಹುಸೈನಾರಾ ಖಾತೂನ್ ತೀರ್ಪನ್ನು ನಾವೆಲ್ಲರೂ ಉದ್ಧರಿಸುತ್ತೇವೆ. ಆದರೆ 1986ರ ಸುಖ್ ದಾಸ್ ಪ್ರಕರಣವನ್ನು ಅಷ್ಟಾಗಿ ನೆನೆಯುವುದಿಲ್ಲ. ಅರುಣಾಚಲ ಪ್ರದೇಶದಲ್ಲಿ ಒಬ್ಬ ನೌಕರನಿಗೆ ವಕೀಲರಿಲ್ಲದೆಯೇ ವಿಚಾರಣೆ ನಡೆದು ಶಿಕ್ಷೆಯಾಗಿತ್ತು. ವಕೀಲರು ಬೇಕೆಂದು ಆರೋಪಿ ಅರ್ಜಿ ಕೊಟ್ಟಿರಲಿಲ್ಲ ಎಂಬುದು ಸರ್ಕಾರದ ಕಡೆಯ ಸಮರ್ಥನೆ. ಕೇಳಲಿಲ್ಲವೆಂಬ ಕಾರಣಕ್ಕೆ ಉಚಿತ ವಕೀಲರ ಈ ಹಕ್ಕು ಇಲ್ಲವಾಗದು, ಹಳ್ಳಿಗಳಲ್ಲಿರುವ ಬಹುಪಾಲು ಜನರಿಗೆ ಇಂಥದೊಂದು ಹಕ್ಕು ಇದೆಯೆಂಬುದೇ ಗೊತ್ತಿರುವುದಿಲ್ಲ, ಓದುಬರಹ ಬಲ್ಲವರಿಗೂ ಗೊತ್ತಿರುವುದಿಲ್ಲ ಎಂದು ಹೇಳಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಆ ಶಿಕ್ಷೆಯನ್ನು ರದ್ದುಪಡಿಸಿದರು. ಕೇಳಿದವರಿಗೆ ಕೊಡುತ್ತೇವೆ ಎನ್ನುವ ನೆರವು ನೆರವೇ ಅಲ್ಲವೆಂದು ನಾನು ಎಲ್ಲ ಕಡೆ ಹೇಳುತ್ತ ಬಂದಿರುವುದು ಈ ತೀರ್ಪಿನ ಬಲದಿಂದ.

ಈಗ ಒಂದು ಪ್ರಕರಣ. ನನ್ನ ಮಾತನ್ನು ಹಿಂದೆ ಕೇಳಿದವರು ಇದನ್ನೂ ಕೇಳಿರುತ್ತಾರೆ, ಅವರು ಸಹಿಸಿಕೊಳ್ಳಬೇಕು.

ಜಗಳೂರು ತಾಲ್ಲೂಕಿನ ಒಬ್ಬ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳೊಡನೆ ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿಯಲ್ಲಿ ಕೂಲಿಗೆ ಸೇರಿದ್ದರು. ಊರಿನಲ್ಲಿ ಗಂಡನ ಪಾಲಿನ ಒಂದೂವರೆ ಎಕರೆ ಖುಷ್ಕಿ ಜಮೀನು ಇತ್ತು. ಅದನ್ನು ಗಂಡನ ಅಣ್ಣ ಉಳುಮೆ ಮಾಡಿ, ಸುಗ್ಗಿಯಲ್ಲಿ ಒಂದೆರಡು ಚೀಲ ಮೆಕ್ಕೆಜೋಳವನ್ನೋ ಅದರ ಹಣವನ್ನೋ ಕೊಡುತ್ತಿದ್ದರು. ಒಂದು ವರ್ಷ ಹೋಗಿ ಕೇಳಿದಾಗ, ನಿನಗೆ ಇಲ್ಲಿ ಏನೂ ಇಲ್ಲ, ಕೋರ್ಟೇ ಹೇಳಿದೆ ಎಂಬ ಉತ್ತರ ಬಂತು. ನಿಜವಾಗಿಯೂ ಕೋರ್ಟು ಹೇಳಿತ್ತು. ತಮ್ಮನು ಬದುಕಿದ್ದಾಗಲೇ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದನೆಂದು ಅಣ್ಣ ಘೋಷಣೆಗಾಗಿ ದಾವೆ ಹೂಡಿದ್ದರು, ಸಮನ್ಸ್ ಜಾರಿಯಾಗಿತ್ತು, ಪ್ರತಿವಾದಿಯಾದ ಈ ಹೆಣ್ಣುಮಗಳು ಹಾಜರಾಗದ ಕಾರಣ ಏಕಪಕ್ಷೀಯ ಡಿಕ್ರಿಯಾಗಿತ್ತು, ಎಂದರೆ ಒಂದೇ ಕಡೆಯ ಮಾತು ಕೇಳಿ ತೀರ್ಪಾಗಿತ್ತು.

ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅವರನ್ನು ನಮ್ಮಲ್ಲಿಗೆ ಕರೆತಂದರು. ಆ ಹೆಣ್ಣುಮಗಳ ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಇತ್ತು. ಅದನ್ನು ಮೇಜಿನ ಮೇಲೆ ಸುರಿದಾಗ ರೇಷನ್ ಕಾರ್ಡ್, ಗ್ಯಾಸ್ ಪುಸ್ತಕ, ಮಕ್ಕಳ ಚುಚ್ಚುಮದ್ದಿನ ಕಾರ್ಡ್, ಗಂಡನ ಮರಣ ಪ್ರಮಾಣಪತ್ರ, ಹಳೆಯ ಪಹಣಿ, ಒಂದು ಮದುವೆಯ ಕರೆಯೋಲೆ, ಇವುಗಳ ನಡುವೆ ನಾಲ್ಕು ಮಡಿಕೆಯಾಗಿ ಆ ಸಮನ್ಸ್ ಹೊರಬಂತು. ಅದರ ಮೇಲೆ ಅರಿಸಿನ ಕುಂಕುಮದ ಗುರುತಿತ್ತು. ಅಮೀನರು ಬಂದು ಸಹಿ ಹಾಕಿಸಿಕೊಂಡು ಕೊಟ್ಟ ಕಾಗದವನ್ನು ಅವರು ವಿಧವಾ ವೇತನ ಮಂಜೂರಾದ ಪತ್ರವೆಂದು ತಿಳಿದು ದೇವರ ಮುಂದಿಟ್ಟು ಪೂಜೆ ಮಾಡಿದ್ದರು. ಇದನ್ನು ಕೇಳಿ ಕೆಲವರು ನಗುತ್ತಾರೆ. ನಗುವವರು ನಮ್ಮ ಸಮನ್ಸಿನ ನಮೂನೆಯನ್ನು ಒಮ್ಮೆ ಓದಿ ನೋಡಬೇಕು. ಮೂವತ್ತು ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನಿಮ್ಮ ಗೈರುಹಾಜರಿಯಲ್ಲಿ ತೀರ್ಮಾನಿಸಲಾಗುವುದು ಎಂಬ ಅದರ ಧಾಟಿಯಿಂದ, ನಿನ್ನ ಹೊಲ ಹೋಗುತ್ತದೆ ತಾಯಿ, ಒಬ್ಬ ವಕೀಲರನ್ನು ನೋಡು ಎಂಬ ಅರ್ಥವನ್ನು ಹೊರಡಿಸಲು ಪದವೀಧರರಿಗೂ ಪ್ರಯಾಸವಾದೀತು.

ನಮ್ಮಲ್ಲಿಗೆ ಬರುವ ಮೊದಲು ಅವರು ಒಂದು ಕಚೇರಿಗೆ ಹೋಗಿದ್ದರು. ಉಚಿತ ವಕೀಲರು ಬೇಕಾದರೆ ಆದಾಯ ಪ್ರಮಾಣಪತ್ರ ತರಬೇಕೆಂದು ಅಲ್ಲಿ ಹೇಳಿ ನಾಡಕಚೇರಿಗೆ ಕಳುಹಿಸಿದ್ದರು. ಕೂಲಿ ಬಿಟ್ಟು ಅಲ್ಲಿ ಸರತಿಯಲ್ಲಿ ನಿಂತರೆ ಸರ್ವರ್ ಇಲ್ಲವೆಂಬ ಉತ್ತರ ಸಿಕ್ಕಿತ್ತು. ವಿದ್ಯಾರ್ಥಿಗಳು ಇಲ್ಲಿ ಗಮನ ಕೊಡಬೇಕು. ಕಾನೂನು ಸೇವೆಗಳ ಅಧಿನಿಯಮದ 12ನೆಯ ಪ್ರಕರಣದಡಿ, ಎಂದರೆ ಸೆಕ್ಷನ್ 12ರಡಿ, ಮಹಿಳೆಗೆ ಆದಾಯದ ಮಿತಿಯೇ ಇಲ್ಲ. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಜೀತಕ್ಕೋ ಮಾನವ ಸಾಗಣೆಗೋ ಬಲಿಯಾದವರಿಗೆ, ನೆರೆ ಬರಗಳಂಥ ವಿಪತ್ತಿಗೆ ಸಿಲುಕಿದವರಿಗೆ, ಬಂಧನದಲ್ಲಿರುವವರಿಗೆ ಯಾವ ಮಿತಿಯೂ ಇಲ್ಲ. ಈ ಯಾವ ವರ್ಗಕ್ಕೂ ಸೇರದವರಿಗೆ ಮಾತ್ರ ವಾರ್ಷಿಕ ಆದಾಯದ ಮಿತಿ ಅನ್ವಯಿಸುತ್ತದೆ, ಕರ್ನಾಟಕದಲ್ಲಿ ಅದು 3 ಲಕ್ಷ ರೂಪಾಯಿ. ಅದಕ್ಕೂ 13ನೆಯ ಪ್ರಕರಣದ ಪ್ರಕಾರ, ಸಂಶಯಪಡಲು ಕಾರಣವಿಲ್ಲದಿದ್ದರೆ, ಅರ್ಜಿದಾರರ ಅಫಿಡವಿಟ್ ಸಾಕು. ಹೀಗಿರುವಾಗ ಒಬ್ಬ ವಿಧವೆಯನ್ನು ಆದಾಯ ಪ್ರಮಾಣಪತ್ರಕ್ಕೆಂದು ಅಲೆಸಿದ ಆ ಗುಮಾಸ್ತರಿಗೆ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಅವರಿಗೂ ಯಾರೂ ತಿಳಿಸಿರಲಿಲ್ಲ.

ಕಾಗದಗಳನ್ನೆಲ್ಲ ನೋಡಿ, ನಿಮ್ಮ ಪ್ರಕರಣವನ್ನು ಪ್ರಾಧಿಕಾರದ ಮೂಲಕ ನಡೆಸಿಕೊಡುತ್ತೇವೆ, ಶುಲ್ಕವಿಲ್ಲ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಕ್ಕಟೆ ವಕೀಲ್ರು ಆ ಕಡೆಯವ್ರ ಹತ್ರ ರೊಕ್ಕ ಇಸ್ಕಂತಾರಂತಲ್ಲ, ಹೌದೇನ್ರೀ ಸಾಹೇಬ್ರ?” ಎಂದು ಕೇಳಿದರು.

ಈ ಪ್ರಶ್ನೆಗೆ ಸಿಟ್ಟಾಗುವುದು ಸುಲಭ. ಆದರೆ ಅವರ ಲೆಕ್ಕಾಚಾರದಲ್ಲಿ ತಪ್ಪೇನಿದೆ? ದುಡಿದವನಿಗೆ ಕೂಲಿ ಬರಲೇಬೇಕು, ನಾನು ಕೊಡದಿದ್ದರೆ ಮತ್ತೆ ಯಾರೋ ಕೊಡುತ್ತಿರಬೇಕು ಎಂಬ ಅನುಮಾನ ಕೂಲಿ ಮಾಡಿ ಬದುಕುವವರಿಗೆ ಬರುವುದು ಸಹಜ. ಅದಕ್ಕೆ ಭಾಷಣದಿಂದ ಉತ್ತರ ಕೊಡಲಾಗದು. ನಾನು ಒಂದು ಚೀಟಿಯಲ್ಲಿ ಪ್ರಕರಣದ ಸಂಖ್ಯೆ, ಯಾವ ನ್ಯಾಯಾಲಯ, ಯಾವ ಮಹಡಿ, ಮುಂದಿನ ವಾಯಿದೆ, ಆ ದಿನ ಏನು ನಡೆಯುತ್ತದೆ, ಅವರು ಬರಬೇಕೋ ಬೇಡವೋ, ನಮ್ಮ ದೂರವಾಣಿ ಸಂಖ್ಯೆ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಪ್ರತಿ ವಾಯಿದೆಯಾದ ಮೇಲೂ ಹೊಸ ಚೀಟಿ. ಓದಿ ಹೇಳಲು ಏಳನೇ ತರಗತಿಯ ಮಗಳಿದ್ದಳು. ಆಕೆ ಅದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಒಂದು ಸಲ ನಮ್ಮ ಗುಮಾಸ್ತರು ಡೈರಿಯಲ್ಲಿ ವಾಯಿದೆಯನ್ನು ತಪ್ಪಾಗಿ ಬರೆದುಕೊಂಡಿದ್ದಾಗ ಸರಿಪಡಿಸಿದ್ದು ಆ ಕ್ಯಾಲೆಂಡರು.

ಡಿಕ್ರಿಯನ್ನು ತೆಗೆದುಹಾಕಿಸಲು ದಿವಾಣಿ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 13ನೆಯ ನಿಯಮದಡಿ ಅರ್ಜಿ ಹಾಕಿದೆವು. ಅದಕ್ಕೆ ಇರುವ ಮೂವತ್ತು ದಿನಗಳ ಕಾಲಮಿತಿ ಎಂದೋ ಮುಗಿದಿದ್ದರಿಂದ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗಿಟ್ಟೆವು. ನ್ಯಾಯಾಧೀಶರು ಕುಂಕುಮ ಹಚ್ಚಿದ ಆ ಸಮನ್ಸನ್ನು ತಿರುಗಿಸಿ ತಿರುಗಿಸಿ ನೋಡಿ, ಅರ್ಜಿಯನ್ನು ಅಂಗೀಕರಿಸಿ, ಎದುರು ಪಕ್ಷಕ್ಕೆ ಖರ್ಚು ಕೊಡಬೇಕೆಂದು ಆದೇಶಿಸಿದರು. ಆ ಮೊತ್ತ ನಮಗೆ ಚಿಕ್ಕದು, ಅವರ ಒಂದು ದಿನದ ಕೂಲಿಗಿಂತ ಹೆಚ್ಚಿನದು. ಸಾಕ್ಷ್ಯ ಆರಂಭವಾದ ಮೇಲೆ ಪ್ರಕರಣ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು, ಒಂದೂವರೆ ಎಕರೆ ಅವರ ಹೆಸರಿಗೆ ಉಳಿಯಿತು. ಅದಾಲತ್ತಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಮತ್ತು ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಿರುಗುತ್ತದೆ. ಆದ್ದರಿಂದ ದಾವೆ ಹೂಡಿದ ಭಾವನವರೂ ಹಣ ವಾಪಸು ಪಡೆದು ಸಮಾಧಾನದಿಂದಲೇ ಹೋದರು. ಆ ಹೆಣ್ಣುಮಗಳು ಒಂದು ದೊಡ್ಡ ಚೀಲ ಮಂಡಕ್ಕಿ ಹೊತ್ತು ತಂದರು. ನೆರವು ಪಡೆದವರಿಂದ ವಕೀಲರು ಏನನ್ನೂ ಪಡೆಯುವಂತಿಲ್ಲವೆಂಬುದು ನಿಯಮ. ಮಂಡಕ್ಕಿಯ ವಿಷಯದಲ್ಲಿ ನಿಯಮ ಮೌನವಾಗಿದೆಯೆಂದು ನಮ್ಮ ಗುಮಾಸ್ತರು ಬಹಳ ಸಮರ್ಥವಾಗಿ ವಾದಿಸಿದರು. ನಾನು ಒಪ್ಪಲಿಲ್ಲ, ಹಣ ಕೊಟ್ಟೇ ತೆಗೆದುಕೊಂಡೆವು. ಆ ಸಂಜೆ ಕಚೇರಿಯಲ್ಲಿ ಮಂಡಕ್ಕಿ ಮೆಣಸಿನಕಾಯಿಯ ಸಮಾರಾಧನೆ ನಡೆಯಿತೆಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಈ ಪ್ರಕರಣದಲ್ಲಿ ಕಾನೂನಿನ ಕ್ಲಿಷ್ಟ ಪ್ರಶ್ನೆ ಒಂದೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಸಮನ್ಸ್ ಕೈಗೆ ಬಂದ ವಾರದಲ್ಲಿ ಅದನ್ನು ಯಾರಾದರೂ ಓದಿ ಹೇಳಿದ್ದರೆ ಡಿಕ್ರಿಯೂ ಇಲ್ಲ, ವಿಳಂಬ ಮನ್ನಾ ಅರ್ಜಿಯೂ ಇಲ್ಲ, ಖರ್ಚಿನ ಆದೇಶವೂ ಇಲ್ಲ. ಅಪರಾಧ ಪ್ರಕರಣಗಳಲ್ಲಿ ಆರೋಪಿಗಳ ಪರ ವಾದಿಸಲೆಂದೇ ಪೂರ್ಣಾವಧಿ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ 2022ರಿಂದ ಜಿಲ್ಲೆಗಳಲ್ಲಿ ಬಂದಿರುವುದರಿಂದ, ಇನ್ನು ಸ್ವಯಂಪ್ರೇರಿತ ವಕೀಲರ ಅಗತ್ಯವೇನು ಎಂದು ಕೇಳುವ ಕಿರಿಯ ಮಿತ್ರರಿದ್ದಾರೆ. ಅಗತ್ಯವಿರುವುದು ಇಂಥ ಕಡೆ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗದೆ ನಿಂತ ಪಹಣಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದ ವಂಶವೃಕ್ಷ, ಗುಳೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಅಂಟಿಸಿದ ನೋಟಿಸು, ಜೀವನಾಂಶದ ಆದೇಶವಾಗಿಯೂ ವಸೂಲಾಗದ ಬಾಕಿ, ಇವು ಪೂರ್ಣಾವಧಿ ಅಭಿರಕ್ಷಕರ ಮೇಜಿಗೆ ಬರುವುದಿಲ್ಲ. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕುದಾರರು. ಹಾಗಿದ್ದೂ ವಂಶವೃಕ್ಷದಲ್ಲಿ ಅವರನ್ನು ಮರೆಯುವ ಚಾಳಿ ನಮ್ಮ ಹಳ್ಳಿಗಳಲ್ಲಿ ಹೋಗಿಲ್ಲ.

ಉಚಿತ ಕೆಲಸದ ಗುಣಮಟ್ಟದ ಬಗ್ಗೆ ಒಂದು ಕಟುವಾದ ಮಾತನ್ನೂ ಹೇಳಬೇಕು. ಹಣವಿಲ್ಲದವರಿಗೆ ತನ್ನ ಶಕ್ತ್ಯನುಸಾರ ಉಚಿತ ನೆರವು ನೀಡುವುದು ವಕೀಲರು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲಿ ಒಂದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 46ನೆಯದು ಹೇಳುತ್ತದೆ. ಸನ್ನದು ಪಡೆಯುವ ದಿನ ನಾವೆಲ್ಲರೂ ಇದಕ್ಕೆ ಬದ್ಧರಾಗಿದ್ದೇವೆ. ಆದರೂ ಕೋರ್ಟ್ ಆವರಣದಲ್ಲಿ, ಪ್ರಾಧಿಕಾರ ತನ್ನ ಪಟ್ಟಿಯಲ್ಲಿರುವ ವಕೀಲರಿಗೆ ವಹಿಸುವ ಪ್ಯಾನಲ್ ಕೇಸು ಎಂದರೆ ಕಿರಿಯರ ಕೈಗೆ ದಾಟಿಸುವ ಕಡತ ಎಂಬ ಭಾವನೆ ಇದೆ. ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತದೆ ಎಂಬ ದೂರು ನ್ಯಾಯವಾದದ್ದೇ, ಅದನ್ನು ಪ್ರಾಧಿಕಾರದ ಮುಂದೆ ನಾನೂ ಹೇಳಿದ್ದೇನೆ. ಆದರೆ ಶುಲ್ಕ ಕೊಟ್ಟ ಕಕ್ಷಿದಾರರ ಫೋನು ಮೊದಲ ಗಂಟೆಗೇ ಎತ್ತಿ, ಪ್ಯಾನಲ್ ಕಕ್ಷಿದಾರರನ್ನು ವರಾಂಡದಲ್ಲಿ ಸಂಜೆಯವರೆಗೆ ನಿಲ್ಲಿಸುವುದಕ್ಕೂ ಗೌರವಧನಕ್ಕೂ ಸಂಬಂಧವಿಲ್ಲ. ವಾಯಿದೆ ತಿಳಿಸಲು ಎಷ್ಟು ಖರ್ಚಾಗುತ್ತದೆ? ಕಕ್ಷಿದಾರರಿಗೆ ತಿಳಿಸದ ವಾದ ಎಷ್ಟೇ ಪಾಂಡಿತ್ಯಪೂರ್ಣವಾಗಿದ್ದರೂ ಅವರ ಪಾಲಿಗೆ ಅದು ನಡೆದೇ ಇಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಜಾಮೀನಿನ ವಿಷಯವನ್ನು ವಿಸ್ತಾರವಾಗಿ ಹೇಳಬೇಕೆಂದುಕೊಂಡಿದ್ದೆ, ಸಂಕ್ಷೇಪಿಸುತ್ತೇನೆ. ಜಾಮೀನು ಮಂಜೂರಾದರೂ ಪಹಣಿ ಇರುವ ಜಾಮೀನುದಾರ ಸಿಗದೆ ಒಳಗೇ ಉಳಿಯುವವರಿದ್ದಾರೆ. ಆದೇಶವಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಕಾರಾಗೃಹದ ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ನಿರ್ದೇಶಿಸಿದೆ. ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣದಡಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನನಾಗಿ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಈ ದಿನಗಳ ಲೆಕ್ಕವನ್ನು ಒಳಗಿರುವವನಿಗೆ ಹೇಳುವವರು ಯಾರು ಎಂಬುದೇ ಇಲ್ಲಿಯೂ ಪ್ರಶ್ನೆ.

ವಿದ್ಯಾರ್ಥಿಗಳು ವಕಾಲತ್ತು ಹಾಕುವಂತಿಲ್ಲ, ಕಾನೂನು ಸಲಹೆಯ ಹೊಣೆಯನ್ನು ಒಬ್ಬರೇ ಹೊರುವಂತೆಯೂ ಇಲ್ಲ. ಆದರೆ ಬಂದ ಕಾಗದವನ್ನು ಓದಿ ಹೇಳಬಹುದು, ಅದರ ಮೇಲಿನ ದಿನಾಂಕವನ್ನು ಗುರುತಿಸಿ ಅದೇ ದಿನ ಪ್ರಾಧಿಕಾರಕ್ಕೆ ತಲುಪಿಸಬಹುದು, 15100 ಎಂಬ ಸಹಾಯವಾಣಿಗೆ ಅವರ ಮುಂದೆಯೇ ಕರೆ ಮಾಡಿಕೊಡಬಹುದು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬಂದಿರುವವರು ರಜೆಗೆ ಊರಿಗೆ ಹೋದಾಗಲೂ ಇದನ್ನು ಮಾಡಬಹುದು. ವಕೀಲ ಮಿತ್ರರಲ್ಲಿ ನಾನು ಕೇಳುತ್ತಿರುವುದು ವಾರದಲ್ಲಿ ಒಂದು ಮಧ್ಯಾಹ್ನ, ಅದೂ ಕೋರ್ಟ್ ಕೆಲಸ ಮುಗಿದ ಮೇಲೆ. ಹೆಸರು ಬರೆಸುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೆಸರಿನ ಮುಂದೆ ವಾರದ ಯಾವ ದಿನವೆಂದೂ ಬರೆಯಬೇಕೆಂದು ಕೋರುತ್ತೇನೆ, ಏಕೆಂದರೆ ದಿನ ನಮೂದಿಸದ ಹೆಸರುಗಳು ಕಳೆದ ಪುಸ್ತಕದಲ್ಲಿ ಬಹಳಷ್ಟಿವೆ. ಕಂದಾಯ ಪ್ರಕರಣಗಳ ಬಗ್ಗೆ ಪ್ರಶ್ನೆಗಳಿದ್ದರೆ ಊಟದ ನಂತರ ಇಲ್ಲಿಯೇ ಇರುತ್ತೇನೆ. ನಮಸ್ಕಾರ.