ಹಳೆಯ ಗಿಟಾರ್: ಕೊಳ್ಳುವ ಮುನ್ನ ಬಿಚ್ಚಿ ನೋಡಿ

ಎಲ್ಲರಿಗೂ ನಮಸ್ಕಾರ.

1958ರಲ್ಲಿ ಗಿಬ್ಸನ್ ಕಂಪನಿಯವರು ತಮ್ಮ ಲೆಸ್ ಪಾಲ್ ಗಿಟಾರಿಗೆ ಬಂಗಾರದ ಬಣ್ಣ ಬಿಟ್ಟು ಕೆಂಪು-ಹಳದಿ ಸನ್‌ಬರ್ಸ್ಟ್ ಬಣ್ಣ ಹಾಕಿದರು. ಅಂಗಡಿಯಲ್ಲಿ ಬೆಲೆ 300 ಡಾಲರಿಗೂ ಕಡಿಮೆ. ಆದರೂ ಮಾರಾಟ ಏಳಲಿಲ್ಲ. ತೂಕ ಜಾಸ್ತಿ, ಆಕಾರ ಹಳೇ ಕಾಲದ್ದು ಎಂದು ಹುಡುಗರಿಗೆ ಅನ್ನಿಸಿತು. 1960ಕ್ಕೆ ಅದನ್ನು ಕೈಬಿಟ್ಟರು. ಮೂರು ವರ್ಷಗಳಲ್ಲಿ ಆಚೆ ಬಂದದ್ದು ಸುಮಾರು 1500. ಐದಾರು ವರ್ಷ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಎರಿಕ್ ಕ್ಲಾಪ್ಟನ್ ಅದೇ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ, ವಾಲ್ಯೂಮ್ ಏರಿಸಿ ಬಾರಿಸಿದಾಗ ಎಲ್ಲರ ಕಿವಿ ನೆಟ್ಟಗಾಯಿತು. ಯಾರೂ ಕೇಳದ ಆ ಸರಕಿಗೆ ಇವತ್ತು ಲಕ್ಷಗಟ್ಟಲೆ ಡಾಲರ್.

2020ರಲ್ಲಿ ರಾಕ್ ಗಾಯಕ ಕರ್ಟ್ ಕೋಬೇನ್‌ನ 1959ರ ಮಾರ್ಟಿನ್ ಗಿಟಾರ್ 60 ಲಕ್ಷ ಡಾಲರಿಗೆ ಹರಾಜಾದದ್ದನ್ನು ನೀವು ಓದಿರಬಹುದು. ಅದು ಕೋಬೇನ್‌ನ ಬೆಲೆ, ಗಿಟಾರಿನದಲ್ಲ. ಆ ಲೋಕವನ್ನು ಇಲ್ಲಿಗೇ ಬಿಡೋಣ. ಯಾರ ಹೆಸರೂ ಅಂಟಿಕೊಳ್ಳದ ಗಿಟಾರಿನ ಬೆಲೆ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಕಾರ್ಖಾನೆ ಬಿಟ್ಟ ಮೇಲೆ ಅದಕ್ಕೆ ಯಾರು ಏನು ಮಾಡಿದರು? ಬಣ್ಣ ಕೆರೆದು ಹೊಸದಾಗಿ ಬಳಿದಿದ್ದರೆ ಬೆಲೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ, ಹೊಸ ಬಣ್ಣ ಎಷ್ಟೇ ಚೆನ್ನಾಗಿರಲಿ. ಆಯುಧಪೂಜೆ ಬಂತೆಂದರೆ ಕಂಡದ್ದಕ್ಕೆಲ್ಲ ಪೇಂಟು ಹೊಡೆಯುವ ನಮ್ಮ ಕಡೆಯವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಹಾಗಾಗಿ ಕೊಳ್ಳುವವನಿಗೆ ಕಿವಿಗಿಂತ ಮೊದಲು ಬೇಕಾದದ್ದು ಸ್ಕ್ರೂಡ್ರೈವರ್. ಫೆಂಡರ್ ಕಂಪನಿಯ ಗಿಟಾರಿನ ನೆಕ್, ಅಂದರೆ ಉದ್ದನೆಯ ಕತ್ತು, ನಾಲ್ಕು ಸ್ಕ್ರೂಗಳ ಮೇಲೆ ನಿಂತಿದೆ. ಬಿಚ್ಚಿದರೆ ನೆಕ್‌ನ ಬುಡದಲ್ಲಿ ಪೆನ್ಸಿಲಿನಲ್ಲೋ ರಬ್ಬರ್ ಸ್ಟ್ಯಾಂಪಿನಲ್ಲೋ ತಾರೀಕು ಇರುತ್ತದೆ. ಮೈಮೇಲಿನ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡ್ ಎತ್ತಿದರೆ, ವಾಲ್ಯೂಮ್ ತಿರುಗಿಸುವ ಗುಂಡಿಯಡಿಯ ಪಾಟ್‌ಗಳ ಬೆನ್ನ ಮೇಲೆ ಅಂಕಿಗಳು ಕಾಣುತ್ತವೆ. 137 6620 ಎಂದಿದ್ದರೆ, 137 ಎಂಬುದು ಸಿಟಿಎಸ್ ಕಂಪನಿ, 66 ಎಂಬುದು 1966, 20 ಎಂಬುದು ವರ್ಷದ ಇಪ್ಪತ್ತನೇ ವಾರ. ಮೊದಲು 304 ಇದ್ದರೆ ಅದು ಸ್ಟ್ಯಾಕ್‌ಪೋಲ್ ಕಂಪನಿ. ಆದರೆ ಇದು ಪಾಟ್ ಹುಟ್ಟಿದ ದಿನ, ಗಿಟಾರ್ ಹುಟ್ಟಿದ ದಿನವಲ್ಲ. ಫೆಂಡರ್‌ನವರು 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು ಮುಂದಿನ ವರ್ಷಗಳಲ್ಲೂ ಅವನ್ನೇ ಹಾಕಿದರು. ಪಾಟ್‌ಗಿಂತ ಮುಂಚೆ ಗಿಟಾರ್ ಆಗಿರಲಾರದು, ಅಷ್ಟನ್ನೇ ಅದು ಹೇಳುತ್ತದೆ. ಅದೂ ಬೆಸುಗೆ ಮೂಲದ್ದಾಗಿದ್ದರೆ ಮಾತ್ರ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ಕಂಪನಿಯನ್ನು 1.3 ಕೋಟಿ ಡಾಲರಿಗೆ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರಲ್ಲ, ಅದರ ಹಿಂದಿನದೆಂದರೆ ಬೆಲೆ ಒಮ್ಮೆಗೇ ಮೇಲೆ. ಆದ್ದರಿಂದ 1966ನ್ನು 1964 ಮಾಡುವ ಆಸೆ ಮಾರುವವರಿಗೆ ಯಾವತ್ತೂ ಇದ್ದೇ ಇರುತ್ತದೆ.

ಬಣ್ಣದ ವಿಷಯ ಇನ್ನೂ ಸ್ವಾರಸ್ಯದ್ದು. ಆಗಿನದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಚಳಿ, ಸೆಕೆಗೆ ಮರ ಹಿಗ್ಗಿ ಕುಗ್ಗಿದಂತೆ ಅದು ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತದೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚು ಹಿಡಿದರೆ ಹಳೆಯ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಮಿನುಗುತ್ತದೆ. ಆಮೇಲೆ ತೇಪೆ ಹಾಕಿದ ಜಾಗ ಬೇರೆಯಾಗಿ ಕಾಣುತ್ತದೆ. ಸನ್‌ಬರ್ಸ್ಟ್ ಲೆಸ್ ಪಾಲ್‌ಗೆ ಬಳಸಿದ ಕೆಂಪು ಬಣ್ಣಕ್ಕೆ ಬಿಸಿಲು ತಡೆಯುವ ಶಕ್ತಿ ಇರಲಿಲ್ಲ. ಅಂಗಡಿಯ ಕಿಟಕಿಯಲ್ಲಿ ನೇತು ಹಾಕಿದ್ದು ನಿಂಬೆ ಹಳದಿಯಾಯಿತು, ಪೆಟ್ಟಿಗೆಯೊಳಗೆ ಮಲಗಿದ್ದು ಕೆಂಪಾಗಿಯೇ ಉಳಿಯಿತು. ತಂತಿಯ ಕಂಪನ ಹಿಡಿಯುವ ಪಿಕಪ್‌ನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಎತ್ತಿ ನೋಡಿ. ಅದರಡಿಯಲ್ಲಿ ಬಿಸಿಲು ಕಾಣದ ಕೆಂಪು ಉಳಿದಿರಬೇಕು. ಅಲ್ಲೂ ಹೊರಗಿನಷ್ಟೇ ಮಾಸಿದ್ದರೆ, ಎಲ್ಲೋ ಮೋಸವಿದೆ ಎಂದು ನಾನು ಜಾಗ ಖಾಲಿ ಮಾಡುತ್ತೇನೆ. ಹಂಬಕರ್ ಎಂಬ ಎರಡು ಸುರುಳಿಯ ಪಿಕಪ್‌ನ ಅಡಿಯಲ್ಲಿ, ಹಳೆಯದೆಂಬ ಗುರುತಾದ ‘ಪೇಟೆಂಟ್ ಅಪ್ಲೈಡ್ ಫಾರ್’ ಸ್ಟಿಕರ್ ಕಂಡು ಮರುಳಾಗಬೇಡಿ. ಸ್ಟಿಕರ್ ಅಚ್ಚು ಹಾಕುವುದು ಯಾವ ಮಹಾ ಕೆಲಸ!

ಗಿಬ್ಸನ್‌ನ ತಲೆ ಹದಿನೇಳು ಡಿಗ್ರಿ ಹಿಂದಕ್ಕೆ ಬಾಗಿದೆ. ನೆಕ್ ಬಾಗದಂತೆ ಒಳಗಿಡುವ ಲೋಹದ ಸರಳು, ಅಂದರೆ ಟ್ರಸ್ ರಾಡ್‌ಗಾಗಿ ಮರ ಕೊರೆದಿರುವುದೂ ಅದೇ ಜಾಗದಲ್ಲಿ. ಸ್ಟ್ಯಾಂಡಿನಿಂದ ಬಿದ್ದರೆ, ತಲೆಯ ಬುಡದಲ್ಲಿ ತಂತಿಗಳು ಹಾಯುವ ನಟ್‌ನ ಹಿಂದೆಯೇ ಮುರಿಯುತ್ತದೆ. ಸಂಗ್ರಾಹಕರು ಇಂಥದ್ದನ್ನು ಮುಟ್ಟುವುದಿಲ್ಲ. ನುಡಿಸುವವರು ಮುಟ್ಟಬೇಕು ಅನ್ನುತ್ತೇನೆ. ಅಂಟು ಸರಿಯಾಗಿ ಕೂತಿದ್ದರೆ ನಾದಕ್ಕೆ ಏನೂ ಆಗಿರುವುದಿಲ್ಲ, ಬೆಲೆ ಮಾತ್ರ ಬಿದ್ದಿರುತ್ತದೆ.

ಆಂಪ್ಲಿಫೈಯರ್ ಬೇಡದ ಅಕೂಸ್ಟಿಕ್‌ಗೆ ಬಂದರೆ ಲೆಕ್ಕ ಬೇರೆ. ಮಾರ್ಟಿನ್ ಗಿಟಾರ್‌ಗಳಲ್ಲಿ ಹೊಂದಿಸಬಲ್ಲ ಟ್ರಸ್ ರಾಡ್ ಬಂದದ್ದು 1985ರಲ್ಲಿ. ಅಲ್ಲಿಯವರೆಗಿನವು ತಂತಿಗಳ ಎಳೆತಕ್ಕೆ ದಶಕಗಳ ಕಾಲ ಮೈಯೊಡ್ಡಿ ಬಗ್ಗಿರುತ್ತವೆ. ನೆಕ್ ಮೇಲಿನ ಹನ್ನೆರಡನೇ ಲೋಹದ ಪಟ್ಟಿಯಲ್ಲಿ, ಅಂದರೆ ಫ್ರೆಟ್‌ನಲ್ಲಿ, ತಂತಿ ತೀರಾ ಎತ್ತರದಲ್ಲಿದೆಯೇ, ಅದನ್ನು ಇಳಿಸಲು ಕೆಳತುದಿಯಲ್ಲಿ ತಂತಿ ಕೂರುವ ಸ್ಯಾಡಲನ್ನು ಇನ್ನು ಉಳಿದಿಲ್ಲ ಎನ್ನುವಷ್ಟು ಉಜ್ಜಿದ್ದಾರೆಯೇ, ನೋಡಿ. ಹಾಗಿದ್ದರೆ ನೆಕ್ ಬಿಚ್ಚಿ, ಕೋನ ತಿದ್ದಿ ಮತ್ತೆ ಕೂರಿಸಬೇಕು. ಅದನ್ನು ಕುಶಲಿಗರು ಮಾಡಿದ್ದರೆ ದೋಷವಲ್ಲ, ಆ ವಯಸ್ಸಿನ ವಾದ್ಯಕ್ಕೆ ಸಹಜ ರಿಪೇರಿ. ಹಲಗೆಗೆ ಆಧಾರವಾಗಿ ಒಳಗೆ ಅಂಟಿಸಿದ ಮರದ ಪಟ್ಟಿಗಳನ್ನು, ಅಂದರೆ ಬ್ರೇಸ್‌ಗಳನ್ನು, ಕೈಬೆರಳಿಂದ ತಡವಿ ನೋಡಿ: 1944ರ ಕೊನೆಯವರೆಗೆ ಅವನ್ನು ಅಲೆಯಂತೆ ಕೆತ್ತಿ ಹಗುರ ಮಾಡುತ್ತಿದ್ದರು, ಆಮೇಲೆ ದಪ್ಪ ತಂತಿಗಳ ಭಯಕ್ಕೆ ಬಿಟ್ಟರು. ಮಾರ್ಟಿನ್‌ನ ಡಿ-28 ಎಂಬ ಮಾದರಿಯ ಆ ಹಗುರಾದ ಗಿಟಾರಿನ ಮಂದ್ರ ಕೇಳಿದವರು ಮರೆಯುವುದಿಲ್ಲ.

ಈ ಡಿ-28ಕ್ಕೂ ನಮ್ಮ ಮಲೆನಾಡಿಗೂ ಒಂದು ನಂಟಿದೆ. 1969ರವರೆಗೆ ಅದರ ಬೆನ್ನು, ಪಕ್ಕಗಳು ಬ್ರೆಜಿಲ್‌ನ ರೋಸ್‌ವುಡ್. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಮಾರ್ಟಿನ್‌ನವರು ಇಂಡಿಯನ್ ರೋಸ್‌ವುಡ್‌ಗೆ ತಿರುಗಿದರು. ಅದೇ ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಲ್ಲುವ, ಮೈಸೂರಿನ ಕುಶಲಕರ್ಮಿಗಳು ಕುಸುರಿ ಕೂರಿಸುವ ಮರ. ಬ್ರೆಜಿಲ್‌ನದು ಅಂದರೆ ಸ್ವರ್ಗ, ಬೀಟೆ ಅಂದರೆ ಸಮಾಧಾನಕ್ಕೆ ಸಿಕ್ಕಿದ್ದು ಎಂದು ಮಾರುವವರು ಹೇಳುತ್ತಾರೆ. ಕಣ್ಣು ಮುಚ್ಚಿ ಕೇಳಿಸಿಕೊಂಡು ಆಮೇಲೆ ಆ ಮಾತಾಡಲಿ. ಬೆಲೆಯ ಅಂತರ ಬಹುಮಟ್ಟಿಗೆ ಮರದ ಅಭಾವಕ್ಕೆ ಕೊಡುವ ದುಡ್ಡು, ನಾದಕ್ಕಲ್ಲ.

ಬ್ರೆಜಿಲ್ ರೋಸ್‌ವುಡ್ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಹುಲಿಯ ಜೊತೆಗೆ. ಅಮೆರಿಕದಲ್ಲಿರುವ ಭಾವನಿಗೆ ‘ಬರುವಾಗ 1962ರ ಡಿ-28 ಒಂದನ್ನು ಕೊಂಡು ತಂದುಬಿಡಿ ಭಾವ’ ಎಂದು ಫೋನು ಮಾಡುವ ಮುನ್ನ ಇದು ತಿಳಿದಿರಲಿ. ಮರ ಒಪ್ಪಂದಕ್ಕೆ ಮುಂಚಿನದು ಎಂಬ ಪ್ರಮಾಣಪತ್ರವಿಲ್ಲದೆ ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ವಾದ್ಯವನ್ನೇ ಇಟ್ಟುಕೊಳ್ಳಬಹುದು. ಎಷ್ಟೋ ಹಳೆಯ ಫೆಂಡರ್, ಗಿಬ್ಸನ್‌ಗಳಲ್ಲಿ ಬೆರಳಿಟ್ಟು ತಂತಿ ಒತ್ತುವ ಫಿಂಗರ್‌ಬೋರ್ಡಿನಲ್ಲೂ ಇದೇ ಮರ ಇರುತ್ತದೆ.

ಇಷ್ಟು ದುಡ್ಡು ನಮ್ಮಲ್ಲಿಲ್ಲ ಎನ್ನುವವರು ಷಿಕಾಗೋದ ಹಾರ್ಮೊನಿ ಗಿಟಾರ್‌ಗಳತ್ತ ನೋಡಿ. ನೆಕ್ ಕೂರಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಇಲ್ಲವೇ 1970ರ ದಶಕದ ಜಪಾನಿನವು. ಅವುಗಳಿಗೆಲ್ಲ ‘ಲಾಸೂಟ್ ಗಿಟಾರ್’, ಅಂದರೆ ದಾವೆಯ ಗಿಟಾರ್, ಎಂಬ ಬಿರುದು ಹಚ್ಚಿ ಬೆಲೆ ಏರಿಸುತ್ತಾರೆ. ದಾವೆ ಹೂಡಿದ್ದು 1977ರಲ್ಲಿ, ಗಿಬ್ಸನ್‌ನ ಮಾಲೀಕರಾದ ನಾರ್ಲಿನ್ ಕಂಪನಿಯವರು, ಐಬನೆಜ್ ಮಾರುತ್ತಿದ್ದ ಎಲ್ಗರ್ ಕಂಪನಿಯ ಮೇಲೆ, ಗಿಟಾರಿನ ತಲೆಯ ಆಕಾರಕ್ಕಾಗಿ. ಮಿಕ್ಕ ಜಪಾನಿ ಗಿಟಾರ್‌ಗಳಿಗೂ ಆ ಕೋರ್ಟಿಗೂ ಸಂಬಂಧವಿಲ್ಲ. ಬಿರುದಿಗೆ ದುಡ್ಡು ಕೊಡಬೇಡಿ, ಕೆಲಸಗಾರಿಕೆ ನೋಡಿ ಕೊಡಿ.

ಮೇಜಿನ ಮೇಲೆ ಟಾರ್ಚು, ಸ್ಕ್ರೂಡ್ರೈವರ್ ಎರಡೂ ಇವೆ. ನಿಮ್ಮ ಗಿಟಾರ್ ತಂದವರು ಮುಂದೆ ಬನ್ನಿ, ಮೊದಲು ತಂತಿ ಸಡಿಲಿಸಿ.